ಖಾಲಿ ಬಿಟ್ಟ ಎಡ ಕಾಲಂ

ಅಕ್ಕೋರ ಮುಂದಿನ ಹಲ್ಲು ಮುರಿದದ್ದು ಹದಿಮೂರು ವರ್ಷದ ಹುಡುಗನೊಬ್ಬನ ಹಣೆಯಿಂದ. ಆತ ಎರಡು ಹೆಜ್ಜೆ ಹಿಂದೆ ಸರಿದು, ತಲೆ ತಗ್ಗಿಸಿ, ಟಗರಿನ ಹಾಗೆ ನುಗ್ಗಿ ಬಂದು ಗುದ್ದಿದ್ದ. ಅವರು ಬಾಯಿಯ ರಕ್ತವನ್ನು ಕಾರ್ಡಿಗನ್ನಿನ ತೋಳಿಗೆ ಒರೆಸಿಕೊಂಡು, ಹಲ್ಲಿನ ಚೂರನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡರು. ದಂತವೈದ್ಯರಲ್ಲಿಗೆ ಹೋಗುವ ಮೊದಲು ಒಂದು ಪುಸ್ತಕ ತೆಗೆದು ಬರೆದರು. ಪುಟದ ನಡುವೆ ಉದ್ದಕ್ಕೆ ಒಂದು ಗೆರೆ. ಬಲಗಡೆ: ‘ಹಣೆಯಿಂದ ಗುದ್ದಿದ. ನನ್ನ ಮೇಲಿನ ಹಲ್ಲು ಮುರಿಯಿತು.’ ಎಡಗಡೆ: ‘ಹೊರಗೆ ಹೊರಟಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ. ಅಡ್ಡ ನಿಲ್ಲಬೇಡಿ ಎಂದು ಎರಡು ಸಲ ಹೇಳಿದ್ದ.’

ಈ ಪುಟವನ್ನು ನಾನು ಕಣ್ಣಾರೆ ಓದಿದ್ದೇನೆ. ಹುಡುಗನ ಹೆಸರಿದ್ದ ಜಾಗವನ್ನು ಅವರು ಹೆಬ್ಬೆರಳಿನಿಂದ ಮುಚ್ಚಿ ಹಿಡಿದಿದ್ದರು.

ಅಕ್ಕೋರು ಕಳೆದ ತಿಂಗಳು ಇಂಗ್ಲೆಂಡಿನ ಸೊಲಿಹಲ್ಲಿನ ತಮ್ಮ ಮನೆಯಲ್ಲಿ ತೀರಿಕೊಂಡರು. ಧಾರವಾಡದ ಕಡೆ ಶಾಲೆಯ ಶಿಕ್ಷಕಿಯರನ್ನು ಹೀಗೆ ಕರೆಯುತ್ತಾರೆ. ಮೈಸೂರಿನವನಾದ ನನಗೆ ಆ ಪದವನ್ನು ಕಲಿಸಿದವರೂ ಅವರೇ. ಹೆಸರು ಬರೆಯುವುದಿಲ್ಲ. ಬರೆದರೆ ಆ ಪಟ್ಟಣ, ಆ ಪಟ್ಟಣದಿಂದ ಆ ಮಕ್ಕಳು ಗುರುತು ಸಿಗುತ್ತಾರೆ. ಮಕ್ಕಳ ಗುರುತು ಕೊಡಬಾರದೆಂಬುದು ಕೋರ್ಟು ವರದಿ ಮಾಡುವಾಗ ನಾನು ಪಾಲಿಸಿದ ನಿಯಮ. ಅದನ್ನು ಈಗ ಮುರಿಯಲು ಕಾರಣ ಕಾಣುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಹೆಂಡತಿಗೆ ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ಕೆಲಸವಾಯಿತು. ನಾನು ಮೈಸೂರಿನ ಪತ್ರಿಕೆಯೊಂದರ ಡೆಸ್ಕ್ ಬಿಟ್ಟು ಅವಳ ಹಿಂದೆ ಬಂದೆ. ಒಂದು ವರ್ಷ ಮನೆಯಲ್ಲಿ ಕೂತ ಮೇಲೆ, ರೈಲಿನಲ್ಲಿ ಇಪ್ಪತ್ತು ನಿಮಿಷ ದೂರದ ಪಟ್ಟಣದ ವಾರಪತ್ರಿಕೆಗೆ ವರದಿಗಾರನಾಗಿ ಸೇರಿದೆ. ಕೋರ್ಟು ಮತ್ತು ಶಾಲೆ ನನ್ನ ಪಾಲಿಗೆ ಬಂದವು. ಎರಡೂ ಒಂದೇ ಸುದ್ದಿಯ ಎರಡು ತುದಿ ಎಂದು ಗೊತ್ತಾಗಲು ಬಹಳ ದಿನ ಬೇಕಾಗಲಿಲ್ಲ.

ಆ ಎರಡರ ನಡುವೆ ಇದ್ದದ್ದು ಯೂನಿಟ್. ಶಾಲೆಗಳು ಹೊರಹಾಕಿದ ಮಕ್ಕಳನ್ನು ಊರಿನ ಆಡಳಿತವಾದ ಕೌನ್ಸಿಲ್ ಕಳಿಸುತ್ತಿದ್ದ ಜಾಗ. ಹಳೆಯ ಕ್ಲಿನಿಕ್ಕಿನ ಒಂದಂತಸ್ತಿನ ಕಟ್ಟಡ, ಸುತ್ತ ತಂತಿ ಬೇಲಿ, ಕಿಟಕಿಗಳಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ. ನೆರೆಯವರು ದೂರು ಕೊಟ್ಟಿದ್ದಾರೆಂದು ನಾನು ಮೊದಲ ಸಲ ಅಲ್ಲಿಗೆ ಹೋದ ಬೆಳಿಗ್ಗೆ ಐದಡಿ ಎತ್ತರವಿಲ್ಲದ ಹೆಂಗಸೊಬ್ಬರು ಕಾರ್ ಪಾರ್ಕಿನಲ್ಲಿ ಗಾಜು ಗುಡಿಸುತ್ತಿದ್ದರು. ಅರ್ಧ ಗಂಟೆ ಮುಂಚೆ ಒಬ್ಬ ಹುಡುಗ ಇನ್ನೊಬ್ಬನ ತಲೆಯನ್ನು ಅವರ ಕಾರಿನ ಕಿಟಕಿಗೆ ಬಡಿದಿದ್ದ. ಆಂಬ್ಯುಲೆನ್ಸ್ ಆಗಷ್ಟೇ ಹೋಗಿತ್ತು. ನಾನು ಕಾರ್ಡು ಕೊಟ್ಟೆ. ಅವರು ಹೆಸರು ನೋಡಿ, ಪೊರಕೆ ನಿಲ್ಲಿಸಿ, ಕನ್ನಡದಲ್ಲಿ ಕೇಳಿದರು.

“ಯಾವ ಕಡೆಯವರ್ರೀ?”

ಮೈಸೂರು ಎಂದೆ.

“ಹಂಗಾರ ನಿಮಗ ಇಲ್ಲಿ ಭಾಳ ಗದ್ದಲ ಆಗತದ. ಗಾಜು ನೋಡಿ ನಡೀರಿ.”

ಆ ದಿನ ನನ್ನ ವರದಿಯಲ್ಲಿ ‘ಹಿಂಸಾಚಾರದ ತಾಣ’ ಎಂದು ಬರೆದಿದ್ದೆ. ಮರುವಾರ ಅಕ್ಕೋರು ಫೋನು ಮಾಡಿ ಆ ಮಾತಿನ ಬಗ್ಗೆ ಏನೂ ಹೇಳಲಿಲ್ಲ. ಅದಕ್ಕಿಂತ ಮೊದಲು ಏನಾಯಿತೆಂದು ನೀವು ಯಾರನ್ನೂ ಕೇಳಲಿಲ್ಲವಲ್ಲ ಎಂದರು, ಅಷ್ಟೆ.

ಅವರ ಬಾಯಲ್ಲಿ ಆ ಪ್ರಶ್ನೆ ಸದಾ ಇರುತ್ತಿತ್ತು. ಯೂನಿಟ್ಟಿನ ಮುಖ್ಯಸ್ಥೆ ಅವರು; ಅಲ್ಲಿಯ ಆರು ಜನ ಸಿಬ್ಬಂದಿಯೂ ಘಟನೆಗಳನ್ನು ಆ ಎರಡು ಕಾಲಮ್ಮಿನ ಪುಸ್ತಕದಲ್ಲಿ ಬರೆಯಬೇಕಿತ್ತು. ಬಲಗಡೆ ನಡೆದದ್ದು. ಎಡಗಡೆ ಅದಕ್ಕೆ ಐದು ನಿಮಿಷ ಮುಂಚಿನದು. ಎಡ ಖಾಲಿ ಇದ್ದರೆ ಬಲಕ್ಕೆ ಅವರು ಸಹಿ ಹಾಕುತ್ತಿರಲಿಲ್ಲ. ಮೂಗು ಒಡೆದುಕೊಂಡು ಐಸ್ ಹಿಡಿದು ಕೂತ ಶಿಕ್ಷಕನ ಮುಂದೆಯೂ ಪೆನ್ನು ಹಿಡಿದು ನಿಂತು ಕಾಯುತ್ತಿದ್ದರು. ಆ ಮನುಷ್ಯ ಬೈಯುತ್ತಿದ್ದ. ಅವರು ಕಾಯುತ್ತಿದ್ದರು. ಕೊನೆಗೆ ಆತ, ನಾನು ಅವನ ಅಪ್ಪನ ಹೆಸರು ಎತ್ತಿದೆ ಎಂದು ಒಪ್ಪಿಕೊಳ್ಳುತ್ತಿದ್ದ. ಅದನ್ನು ಬರೆಸಿಕೊಂಡ ಮೇಲೆಯೇ ಅವನಿಗೆ ಚಹಾ.

ಹೊಡೆದಾಟದ ನಡುವೆ ಅವರು ನಡೆದು ಹೋಗುವ ರೀತಿಯೂ ವಿಚಿತ್ರವಾಗಿತ್ತು. ನಾನು ಎರಡು ಸಲ ನೋಡಿದ್ದೇನೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಎದೆ ಮುಂದೆ ಮಾಡಿ, ಎತ್ತಿದ ಮುಷ್ಟಿಗಳ ನಡುವೆ ಹೋಗಿ ನಿಲ್ಲುತ್ತಿದ್ದರು. ಏಟು ಬಿದ್ದರೆ ಬಿತ್ತು. ಪಕ್ಕೆಲುಬು ಒಮ್ಮೆ, ಮಣಿಕಟ್ಟು ಒಮ್ಮೆ, ಹಲ್ಲು ಒಮ್ಮೆ. ಮಗುವನ್ನು ಹಿಡಿದು ನಿಲ್ಲಿಸಲು ಕಾನೂನಿನ ಅನುಮತಿ ಇತ್ತು. ಅದಕ್ಕೆ ಎರಡು ದಿನದ ತರಬೇತಿಯನ್ನೂ ಕೊಡುತ್ತಿದ್ದರು. ಅವರು ಅದನ್ನು ಸಹಾಯಕನಿಗೆ ಬಿಟ್ಟಿದ್ದರು. ಹಿಂದೆ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದ ದೊಡ್ಡ ಮೈಯ ಮನುಷ್ಯ ಅವನು.

ಕೈ ಯಾಕೆ ಹಿಂದೆ ಎಂದು ಒಮ್ಮೆ ಕೇಳಿದ್ದೆ. ಅವರು ಹೇಳಿದ್ದಕ್ಕೆ ಅವರ ಮಾತಿನ ಹೊರತು ನನ್ನಲ್ಲಿ ಬೇರೆ ಆಧಾರವಿಲ್ಲ. ಮದುವೆಗೆ ಮೊದಲು ಧಾರವಾಡದ ಹತ್ತಿರದ ಹಳ್ಳಿಯೊಂದರಲ್ಲಿ ಮೂರನೆಯ ಇಯತ್ತೆಗೆ ಕಲಿಸುತ್ತಿದ್ದರು. ಕರೆದರೂ ಓಗೊಡದ ಹುಡುಗಿಯೊಬ್ಬಳ ಕಿವಿಯ ಮೇಲೆ ಅಂಗೈಯಿಂದ ಬಾರಿಸಿದರು. ಹುಡುಗಿ ಅಳಲಿಲ್ಲ, ತೂರಾಡಿ ಬಿದ್ದಳು. ಆ ಕಿವಿಯಲ್ಲಿ ವಾರದಿಂದ ಕೀವು ತುಂಬಿತ್ತು; ಕರೆದದ್ದು ಕೇಳಿಸಿರಲಿಲ್ಲ. ಆಮೇಲೆ ಅದು ಎಂದೂ ಕೇಳಿಸಲಿಲ್ಲ. ತಾಯಿ ಬಂದು ಜಗಳವಾಡಲಿಲ್ಲ. ಹೊಡೆದು ಬುದ್ಧಿ ಕಲಿಸಿ ಅಕ್ಕೋರೇ ಎಂದು ಕೈಮುಗಿದು ಹೋದಳಂತೆ.

“ಆಕಿ ಬೈದಿದ್ರ ಛಲೋ ಇತ್ತು” ಎಂದು ಹೇಳಿ ಅವರು ಮಾತು ಬದಲಿಸಿದರು.

ಹದಿನೈದು ದಿನಕ್ಕೊಮ್ಮೆ ಮಂಗಳವಾರ ಕೌನ್ಸಿಲ್ ಕಚೇರಿಯಲ್ಲಿ ಪ್ಯಾನಲ್ ಕೂರುತ್ತಿತ್ತು. ಇಬ್ಬರು ಹೆಡ್‌ಟೀಚರುಗಳು, ಒಬ್ಬ ಮನಶ್ಶಾಸ್ತ್ರಜ್ಞೆ, ಒಬ್ಬ ಪೊಲೀಸ್, ಕೌನ್ಸಿಲಿನ ಅಧಿಕಾರಿ, ಅಕ್ಕೋರು. ಹೊರಹಾಕಿಸಿಕೊಂಡ ಮಗು ಎಲ್ಲಿಗೆ ಹೋಗಬೇಕೆಂದು ಅಲ್ಲಿ ತೀರ್ಮಾನ: ಇನ್ನೊಂದು ಶಾಲೆಗೆ, ಯೂನಿಟ್ಟಿಗೆ, ಕೈಕಸುಬು ಕಲಿಸುವ ಗ್ಯಾರೇಜಿಗೆ, ಇಲ್ಲವೇ ಎಲ್ಲ ಮುಗಿದವರಿಗಾಗಿ ಇದ್ದ, ಕಾರಿನಲ್ಲಿ ಅರ್ಧ ದಿನ ದೂರದ, ಸಮುದ್ರದ ಬದಿಯ ವಸತಿ ಶಾಲೆಗೆ. ಪತ್ರಕರ್ತರಿಗೆ ಪ್ರವೇಶವಿರಲಿಲ್ಲ. ಅಲ್ಲಿಯ ಮಾತನ್ನು ಅಕ್ಕೋರು ಹೊರಗೆ ಆಡುತ್ತಲೂ ಇರಲಿಲ್ಲ. ಮುಂದೆ ಬರುವ ಹುಡುಗಿಯ ವಿಷಯ ನನಗೆ ಗೊತ್ತಾದದ್ದು ಬಹಳ ತಡವಾಗಿ, ಅವಳ ಬಾಯಿಂದಲೇ.

ಅವಳಿಗೆ ಹದಿನಾಲ್ಕು. ಗಣಿತದ ಮೇಷ್ಟರಿಗೆ ಕುರ್ಚಿಯಿಂದ ಹೊಡೆದು ಕೊರಳೆಲುಬು ಮುರಿದಿದ್ದಳು. ಶಾಲೆಯ ವರದಿಗೆ ಒಂದೇ ಕಾಲಂ. ಅಕ್ಕೋರು ಪ್ಯಾನಲಿಗೆ ಮೊದಲು ಅವಳ ಮನೆಗೆ ಹೋದರು. ಅಪ್ಪ ಇರಲಿಲ್ಲ. ತಾಯಿಗೆ ನರಗಳ ರೋಗ, ಕಾಲು ಸ್ವಾಧೀನವಿಲ್ಲ. ದಿನಾ ಬೆಳಿಗ್ಗೆ ಹುಡುಗಿಯೇ ಅವಳನ್ನು ಹಾಸಿಗೆಯಿಂದ ಎತ್ತಿ, ತೊಳೆದು, ಕುರ್ಚಿಗೆ ಕೂರಿಸಿ ಶಾಲೆಗೆ ಬರುತ್ತಿದ್ದಳು. ತೋಳುಗಳಿಗೆ ಬಲ ಬಂದದ್ದು ಆ ಕೆಲಸದಿಂದ. ತಾಯಿ ಬಿದ್ದರೆ ಕರೆಯಲೆಂದು ಜೇಬಿನಲ್ಲಿ ಒಂದು ಮೊಬೈಲ್ ಇಟ್ಟುಕೊಂಡಿದ್ದಳು. ಮೇಷ್ಟರು ಅದನ್ನು ಕಿತ್ತುಕೊಂಡು ಡ್ರಾಯರಿಗೆ ಹಾಕಿ ಬೀಗ ಹಾಕಿದ್ದರು. ಕುರ್ಚಿ ಎದ್ದದ್ದು ಆಗ.

ಅಕ್ಕೋರು ತಾವೇ ಬರೆದ ಎಡ ಕಾಲಮ್ಮನ್ನು ಪ್ಯಾನಲಿನ ಮುಂದೆ ಓದಿದರು. ಹುಡುಗಿಗೆ ಯೂನಿಟ್ ಸಿಕ್ಕಿತು, ಒಂದು ಷರತ್ತಿನ ಮೇಲೆ. ಯೂನಿಟ್ಟಿನೊಳಗೆ ಅವಳು ಮತ್ತೆ ಮನುಷ್ಯರ ಮೇಲೆ ಕೈ ಮಾಡಿದ್ದು ದಾಖಲಾದರೆ ವಸತಿ ಶಾಲೆ. ಚರ್ಚೆ ಇಲ್ಲ. ಅವಳು ಹೋದರೆ ತಾಯಿ ಕೇರ್ ಹೋಮಿಗೆ, ಬಾಡಿಗೆಗೆ ಕೊಟ್ಟಿದ್ದ ಮನೆ ಕೌನ್ಸಿಲಿಗೆ ವಾಪಸು.

ಯೂನಿಟ್ಟಿನಲ್ಲಿ ಗುರುವಾರ ಅಡುಗೆ. ಪಿಜ್ಜಾ, ಸಾಸೇಜ್ ಎಲ್ಲ ಪ್ರಯೋಗಿಸಿ ಸೋತ ಮೇಲೆ ಅಕ್ಕೋರು ಜೋಳದ ರೊಟ್ಟಿಗೆ ಬಂದಿದ್ದರು. ಹಿಟ್ಟು ಲೆಸ್ಟರಿನ ಅಂಗಡಿಯಿಂದ. ರೊಟ್ಟಿ ಸುಡುವ ಕಬ್ಬಿಣದ ಹಂಚು ಮಾತ್ರ ಧಾರವಾಡದ್ದು, ಹಿಡಿಕೆ ಇಲ್ಲದ್ದು, ಎತ್ತಲು ಇಕ್ಕಳ ಬೇಕು. ಹಿಟ್ಟನ್ನು ಅಂಗೈಯಿಂದ ಬಡಿಬಡಿದು ಅಗಲ ಮಾಡುವುದನ್ನು ಆ ಮಕ್ಕಳು ಬೇಗ ಕಲಿತರು. ಒಳಗೆ ಕಾಲಿಟ್ಟರೆ ನಾಲ್ಕು ಜೋಡಿ ಕೈಗಳ ಪಟಪಟ ಶಬ್ದ. ಇವರಿಗೆ ಹೊಡೆಯುವುದನ್ನು ನೀವೇ ಕಲಿಸುತ್ತಿದ್ದೀರಲ್ಲ ಎಂದು ನಾನು ತಮಾಷೆ ಮಾಡಿದ್ದೆ. ಜೋರಾಗಿ ಬಡಿದರೆ ಹರಿಯುತ್ತದೆ, ಮೆಲ್ಲಗೆ ಬಡಿದರೆ ಅಗಲವಾಗುವುದಿಲ್ಲ, ಎಷ್ಟು ಬೇಕೆಂದು ಕೈಗೇ ತಿಳಿಯಬೇಕು, ಪಾಠ ಅಷ್ಟೇ ಎಂದಿದ್ದರು.

ಅಂಥದೊಂದು ಗುರುವಾರ, ಹೊರಗೆ ಹೋಗಿ ಫೋನಿನಲ್ಲಿ ಮಾತು ಮುಗಿಸಿ ಸಹಾಯಕ ಅಡುಗೆಮನೆಗೆ ವಾಪಸಾದಾಗ ಹುಡುಗಿ ಗೋಡೆಗೆ ಆನಿಕೊಂಡು ನಿಂತಿದ್ದಳು. ಅವಳ ಎಡ ಕೆನ್ನೆಯ ಮೇಲೆ ಜೋಳದ ಹಿಟ್ಟಿನಲ್ಲಿ ಮೂಡಿದ ಒಂದು ಅಂಗೈ, ಐದೂ ಬೆರಳು ಸ್ಪಷ್ಟ. ತುಟಿ ಒಡೆದು ರಕ್ತ ಆ ಬಿಳಿ ಹೆಬ್ಬೆರಳಿನ ಮೇಲೆ ಇಳಿಯುತ್ತಿತ್ತು. ಹಂಚು ನೆಲದ ಮೇಲಿತ್ತು. ಕೋಣೆಯಲ್ಲಿದ್ದದ್ದು ಇನ್ನೊಬ್ಬ ಹುಡುಗ ಮಾತ್ರ, ಮೇಜಿನ ಆಚೆ. ಅವನು ಏನೂ ಹೇಳಲಿಲ್ಲ. ಅಕ್ಕೋರು ತಮ್ಮ ಬಲಗೈಯನ್ನು ನೋಡುತ್ತ ನಿಂತಿದ್ದರು.

ಸಹಾಯಕ ನಿಯಮದ ಪ್ರಕಾರ ವರದಿ ಮಾಡಿದ. ಅವನದು ತಪ್ಪೆಂದು ನಾನು ಆಗಲೂ ಬರೆಯಲಿಲ್ಲ, ಈಗಲೂ ಬರೆಯುವುದಿಲ್ಲ. ಅಕ್ಕೋರು ಪುಸ್ತಕ ತೆಗೆದು ಬಲಗಡೆ ಬರೆದರು: ‘ನಾನು ಹುಡುಗಿಯ ಕೆನ್ನೆಗೆ ಅಂಗೈಯಿಂದ ಹೊಡೆದೆ.’ ಸಹಿ ಹಾಕಿದರು. ಎಡಗಡೆ ಖಾಲಿ.

ಈ ದೇಶದಲ್ಲಿ ಶಿಕ್ಷಕರು ಮಗುವಿಗೆ ಹೊಡೆದರೆ ಅಲ್ಲಿಗೆ ಕೆಲಸ ಮುಗಿಯಿತು. ವಿಚಾರಣೆಯಲ್ಲಿ ಕಾರಣ ಕೇಳಿದರು. ಎಡ ಕಾಲಂ ಇಲ್ಲದೆ ಯಾರ ವರದಿಗೂ ಸಹಿ ಹಾಕದ ನೀವು ನಿಮ್ಮದನ್ನೇ ಯಾಕೆ ಖಾಲಿ ಬಿಟ್ಟಿರಿ ಎಂದೂ ಕೇಳಿದರಂತೆ. ಹೊಡೆದೆ, ಕೈ ನನ್ನದು, ಬರೆಯಲು ಬೇರೇನಿಲ್ಲ ಎಂದಷ್ಟೇ ಅವರ ಉತ್ತರ. ಹುಡುಗಿಯನ್ನು ಕೇಳಿದಾಗ ಅವಳೂ ಅಷ್ಟೇ ಎಂಬಂತೆ ತಲೆಯಾಡಿಸಿದಳು. ಅವಳು ಏಟು ತಿಂದವಳಾದ್ದರಿಂದ ಪ್ಯಾನಲಿನ ಷರತ್ತಿನ ಪ್ರಶ್ನೆಯೇ ಬರಲಿಲ್ಲ. ಯೂನಿಟ್ಟಿನಲ್ಲೇ ಉಳಿದಳು.

ವಿಚಾರಣೆಗೆ ಮೊದಲು ನಾನು ಒಂದು ಸಲ ಯೂನಿಟ್ಟಿಗೆ ಹೋಗಿದ್ದೆ. ಅಕ್ಕೋರು ತಮ್ಮ ಸಾಮಾನು ತುಂಬಿಕೊಳ್ಳುತ್ತಿದ್ದರು. ಅಡುಗೆಮನೆಯ ವಿನೈಲ್ ನೆಲದಲ್ಲಿ ರೊಟ್ಟಿಯಷ್ಟು ಅಗಲದ ಸುಟ್ಟ ವೃತ್ತ ಕಂಡಿತು. ಅವರ ತೋಳಿಗೆ ಬ್ಯಾಂಡೇಜು. ಎರಡನ್ನೂ ತೋರಿಸಿ ಏನೆಂದು ಕೇಳಿದೆ.

“ಹಂಚು ಜಾರಿತ್ರೀ.”

ವೃತ್ತ ಒಲೆಯಿಂದ ಏಳೆಂಟು ಅಡಿ ದೂರವಿತ್ತು. ಜಾರಿದ ಹಂಚು ಅಷ್ಟು ದೂರ ಹೋಗಿ ಬೀಳುವುದಿಲ್ಲ. ಅದನ್ನು ಗಮನಿಸಿ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಮುಂದಿನ ಪ್ರಶ್ನೆ ಕೇಳಲಿಲ್ಲ. ಪುಟ ಅಚ್ಚಿಗೆ ಹೋಗುವ ಹೊತ್ತಾಗಿತ್ತು, ಹೊಡೆದದ್ದನ್ನು ಅವರೇ ಒಪ್ಪಿದ್ದರು, ಸುದ್ದಿ ಪೂರ್ತಿಯಾಗಿತ್ತು. ‘ಏಟಿಗೆ ಕಾರಣವನ್ನು ಶಿಕ್ಷಕಿ ತಿಳಿಸಿಲ್ಲ’ ಎಂಬ ಸಾಲಿನಿಂದ ವರದಿ ಮುಗಿಸಿದೆ. ಮುಖಪುಟದಲ್ಲಿ ಬಂತು.

ಆಮೇಲಿನದು ಪಟ್ಟಣ ಮಾಡಿದ್ದು. ಅವರ ಕಾರಿನ ನಾಲ್ಕೂ ಚಕ್ರಗಳನ್ನು ಚಾಕುವಿನಿಂದ ಹರಿದರು. ಬಾನೆಟ್ಟಿನ ಮೇಲೆ ಮೊಳೆಯಿಂದ ಗೀಚಿದ ಮಾತನ್ನು ಇಲ್ಲಿ ಬರೆಯಲಾರೆ. ಸೂಪರ್‌ಮಾರ್ಕೆಟ್ಟಿನ ಸಾಲಿನಲ್ಲಿ ಒಬ್ಬ ಅವರ ಮುಖಕ್ಕೆ ಉಗುಳಿದ, ಹಿಂದಿದ್ದವರಲ್ಲಿ ಇಬ್ಬರು ಚಪ್ಪಾಳೆ ತಟ್ಟಿದರು. ಮನೆಯ ಕಿಟಕಿಗೆ ಬಿದ್ದ ಇಟ್ಟಿಗೆ ಅವರ ಗಂಡನ ಭುಜಕ್ಕೆ ತಗುಲಿತು. ಆ ವೈದ್ಯರು ಮೂವತ್ತು ವರ್ಷ ಇದೇ ಜಿಲ್ಲೆಯ ಜನರಿಗೆ ಅರಿವಳಿಕೆ ಕೊಟ್ಟವರು. ಅವರು ಇಟ್ಟಿಗೆಯನ್ನು ಎತ್ತಿ ಹೊರಗಿಟ್ಟು ಕೌನ್ಸಿಲಿನ ಕಸದ ಲಾರಿ ಯಾವತ್ತು ಬರುತ್ತದೆಂದು ಕೇಳಿದರಂತೆ.

ನಮ್ಮವರ ಮಾತು ಬೇರೆ ಥರದ್ದು. ಸೊಲಿಹಲ್ಲಿನಲ್ಲಿ ಬಾಡಿಗೆಗೆ ಹಿಡಿದ ಸಭಾಂಗಣದಲ್ಲಿ ಯುಗಾದಿ ಊಟ ನಡೆದಿತ್ತು. ಡಾಕ್ಟರ ಹೆಂಡತಿಯಾಗಿ ಆ ಪುಂಡರ ನಡುವೆ ಹೋಗುವ ದರ್ದೇನಿತ್ತು ಎಂದು ಒಂದು ಮೂಲೆ ಪಿಸುಗುಟ್ಟುತ್ತಿತ್ತು. ಬೆಂಗಳೂರಿನ ಹೆಂಗಸೊಬ್ಬರು ಸಮಾಧಾನ ಮಾಡುವವರಂತೆ ಅಕ್ಕೋರ ಪಕ್ಕಕ್ಕೆ ಬಂದು ಕೂತರು.

“ಒಂದೇ ಒಂದು ಏಟಿಗೆ ಇಷ್ಟೊಂದಾ ಆಂಟಿ? ನಮ್ಮಲ್ಲಿ ದಿನಾ ಕೊಡ್ತಾರಪ್ಪ.”

“ಕೊಡ್ತಾರವ್ವಾ” ಎಂದರು ಅಕ್ಕೋರು. “ಅದಕ್ಕ ನಮ್ಮ ಹುಡುಗರಿಗೆ ಕೇಳಸೂದಿಲ್ಲ.”

ಆಕೆಗೆ ಅರ್ಥವಾಗಲಿಲ್ಲ, ನಕ್ಕರು. ನಾನು ಎದುರಿಗಿದ್ದೆ. ಅಕ್ಕೋರು ನನ್ನ ಕಡೆ ನೋಡಲಿಲ್ಲ.

ಸುಮಾರು ಮೂರು ತಿಂಗಳ ನಂತರ ಆ ಹುಡುಗಿ ಬಸ್ ನಿಲ್ದಾಣದಲ್ಲಿ ಇನ್ನೊಬ್ಬ ಹುಡುಗಿಯ ದವಡೆ ಮುರಿದಳು. ಹೆಸರಿಲ್ಲದ ನಾಲ್ಕು ಸಾಲಿನಲ್ಲಿ ಅದನ್ನೂ ನಾನೇ ವರದಿ ಮಾಡಿದೆ. ಕೋರ್ಟು ಮನೆಯ ಪರಿಸ್ಥಿತಿ ನೋಡಿ ಅವಳನ್ನು ಊರಲ್ಲೇ ಉಳಿಸಿ ಮೇಲ್ವಿಚಾರಣೆಗೆ ಒಪ್ಪಿಸಿತು. ಅಕ್ಕೋರು ತೆತ್ತ ಬೆಲೆಯ ಲೆಕ್ಕದಲ್ಲಿ ಆ ದವಡೆಯೂ ಸೇರಬೇಕೋ ಬೇಡವೋ ನನಗೆ ಗೊತ್ತಿಲ್ಲ. ಆ ಗುರುವಾರದ ಪುಟ ತುಂಬಿದ್ದಿದ್ದರೆ ಹುಡುಗಿ ಅಂದು ಆ ಬಸ್ ನಿಲ್ದಾಣದಲ್ಲಿ ಇರುತ್ತಿರಲಿಲ್ಲ. ಇದು ವಾಸ್ತವ, ಬರೆಯುತ್ತಿದ್ದೇನೆ.

ಕೆಲಸ ಹೋದ ಮೇಲೆ ಅಕ್ಕೋರು ಮನೆಯಲ್ಲೇ ಉಳಿದರು. ತೋಟದಲ್ಲಿ ಮೆಂತ್ಯ ಬೆಳೆದರು, ಕೆಟ್ಟದಾಗಿ ಕಾರು ಓಡಿಸಿದರು. ಒಮ್ಮೆ ನಾನು ಆ ಗುರುವಾರದ ಮಾತೆತ್ತಿದಾಗ ಎದ್ದು ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ಅಂತ್ಯಕ್ರಿಯೆಗೆ ಬಂದವರು ಕಡಿಮೆ. ಚಿತಾಗಾರದ ಹೊರಗೆ ಕಪ್ಪು ಕೋಟಿನ, ಅಗಲ ಭುಜದ ಹೆಂಗಸೊಬ್ಬಳು ನನ್ನನ್ನು ಹುಡುಕಿಕೊಂಡು ಬಂದಳು. ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ಪತ್ರಿಕೆಯವರು ನೀವೇ ಅಲ್ಲವೇ ಎಂದಳು. ಇಂಗ್ಲಿಷಿನಲ್ಲಿ ಆಡಿದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ತಾಯಿ ಎರಡು ವರ್ಷದ ಹಿಂದೆ ತೀರಿಕೊಂಡಳೆಂದಳು. ಮನೆಯಲ್ಲೇ, ತನ್ನ ಹಾಸಿಗೆಯಲ್ಲೇ. ತಾನು ಈಗ ವೃದ್ಧರ ಹೋಮೊಂದರಲ್ಲಿ ಕೆಲಸ ಮಾಡುತ್ತೇನೆ, ಜನರನ್ನು ಎತ್ತಿ ಕೂರಿಸುವ ಕೆಲಸ ಎಂದಳು.

ಕೋಟಿನ ಜೇಬಿನಿಂದ ಮಡಿಸಿದ ಹಳೆಯ ಪತ್ರಿಕೆಯ ತುಣುಕು ತೆಗೆದಳು. ನನ್ನ ವರದಿ. ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

“ಇದು ತಪ್ಪು. ನಿಮ್ಮ ಪೇಪರಿನವರು ತಪ್ಪಾದರೆ ತಿದ್ದುತ್ತೀರಿ ಅಲ್ಲವಾ?”

ತಿದ್ದುತ್ತೇವೆ ಎಂದೆ.

ಅವಳು ನಿಧಾನವಾಗಿ, ಸಾಕ್ಷಿ ಹೇಳುವವರಂತೆ ಹೇಳಿದಳು. ಇಕ್ಕಳದಿಂದ ಕಾದ ಹಂಚು ಎತ್ತಿದ್ದು ತಾನು. ಆ ಹುಡುಗನ ಕೂದಲು ಹಿಡಿದು ತಲೆಯನ್ನು ಮೇಜಿಗೆ ಒತ್ತಿದ್ದು ತಾನು. ಹಂಚನ್ನು ಅವನ ಮುಖಕ್ಕೆ ಇಳಿಸುತ್ತಿದ್ದೆ, ಹೆದರಿಸಲು ಅಲ್ಲ, ಇಡಲಿಕ್ಕೇ ಎಂದಳು. ಮಿಸ್ ಮೊದಲು ಕೈ ಹಿಂದೆ ಕಟ್ಟಿಕೊಂಡೇ ನಡುವೆ ಬಂದರು. ಹಂಚು ಅವರ ತೋಳು ಸುಟ್ಟಿತು, ಚರ್ಮದ ವಾಸನೆ ಬಂತು, ಆಗಲೂ ತಾನು ನಿಲ್ಲಲಿಲ್ಲ. ಆಗ ಮಿಸ್ ಕೈ ಬಿಚ್ಚಿದರು. ಏಟಿಗೆ ಹಂಚು ಹಾರಿ ದೂರ ಬಿತ್ತು. ಹೊರಗೆ ಸಹಾಯಕನ ಹೆಜ್ಜೆ ಕೇಳಿಸಿತು. ಅಷ್ಟರಲ್ಲಿ ಮಿಸ್ ಆ ಹುಡುಗನಿಗೆ, ನೀನು ಹೇಳುವುದಿದ್ದರೆ ಹೇಳು, ನಾನು ತಡೆಯುವುದಿಲ್ಲ ಎಂದರು. ಹುಡುಗ ಇವಳನ್ನು ನೋಡಿದ, ಹೇಳಲಿಲ್ಲ.

ವರದಿಗಾರನ ಅಭ್ಯಾಸ, ಜೊತೆಗೆ ಅಕ್ಕೋರ ಅಭ್ಯಾಸ. ಅದಕ್ಕಿಂತ ಮೊದಲು ಏನಾಯಿತು, ಆ ಹುಡುಗ ಏನು ಮಾಡಿದ್ದ ಎಂದು ಕೇಳಿದೆ.

ಅವಳು ತುಣುಕನ್ನು ಮಡಿಸಿದಳು.

“ಮಿಸ್ ತಮ್ಮದು ಖಾಲಿ ಬಿಟ್ಟರು. ನನ್ನದೂ ಹಾಗೇ ಇರಲಿ.”

ಆ ವಾರಪತ್ರಿಕೆಯಲ್ಲಿ ತಿದ್ದುಪಡಿಗಳನ್ನು ಎರಡನೆಯ ಪುಟದ ಕೆಳಗೆ, ಎಡಗಡೆ ಹಾಕುತ್ತಿದ್ದೆವು. ನಾನು ಈಗ ಅಲ್ಲಿಲ್ಲ. ಆದ್ದರಿಂದ ಇಲ್ಲಿ ಹಾಕುತ್ತಿದ್ದೇನೆ.

ತಿದ್ದುಪಡಿ: ಯೂನಿಟ್ಟಿನ ಶಿಕ್ಷಕಿಯೊಬ್ಬರು ವಿದ್ಯಾರ್ಥಿನಿಗೆ ಹೊಡೆದ ವರದಿಯ ಕೊನೆಯಲ್ಲಿ ‘ಏಟಿಗೆ ಕಾರಣವನ್ನು ಶಿಕ್ಷಕಿ ತಿಳಿಸಿಲ್ಲ’ ಎಂದಿತ್ತು. ಅವರು ತಿಳಿಸಿರಲಿಲ್ಲ ಎಂಬುದು ನಿಜ. ಕಾರಣ ಅಡುಗೆಮನೆಯ ನೆಲದ ಮೇಲೆ, ಒಲೆಯಿಂದ ಏಳೆಂಟು ಅಡಿ ದೂರದಲ್ಲಿ, ಒಂದು ರೊಟ್ಟಿಯಷ್ಟು ಅಗಲಕ್ಕೆ ಇತ್ತು. ವರದಿಗಾರ ಅದನ್ನು ನೋಡಿದ್ದರು.